ಚಳಿಗಾಲದ ಹಾಜರಿ

2021ರ ಸೆಪ್ಟೆಂಬರ್ 27, ಸೋಮವಾರ. ಗುಲಾಬ್ ಚಂಡಮಾರುತದ ಮಳೆ ಹೈದರಾಬಾದಿನ ಮೇಲೆ ಸುರಿಯುತ್ತಿತ್ತು. ನಾನು ಕೊಂಡಾಪುರದ ಮನೆಯಲ್ಲಿ ಕೂತು ಒಂದು ಕಿವಿಯಲ್ಲಿ ಆಫೀಸಿನ ಸ್ಟೇಟಸ್ ಕಾಲ್, ಇನ್ನೊಂದು ಕಿವಿಯಲ್ಲಿ ಮರ ಬಿದ್ದವರ ಗೋಳು ಕೇಳುತ್ತಿದ್ದೆ. ಒಬ್ಬರ ಕಾರಿನ ಮೇಲೆ ಗುಲ್‌ಮೊಹರ್ ಕೊಂಬೆ. ಇನ್ನೊಬ್ಬರ ಗೇಟಿಗೆ ಅಡ್ಡವಾಗಿ ಬುಡಸಮೇತ ಕಿತ್ತು ಮಲಗಿದ ಸುಬಾಬುಲ್. ಆ ಎರಡು ದಿನಗಳಲ್ಲಿ 38 ಫೋನು ಬಂದವು. ಮೂರನೆಯ ದಿನ ಪುಟ್ಟ ನಮ್ಮ ಮನೆಗೆ ಬಂದು, ಒದ್ದೆ ಹಗ್ಗವನ್ನು ಬಾಲ್ಕನಿಯಲ್ಲಿ ಒಣಗಿಸಿ, "ಅಣ್ಣಾ, ಹಿಂಗೇ ನಡೆದ್ರೆ ಮುಂದಿನ ವರ್ಷ ಒಂದು ಗಾಡಿ ತಗೋಬಹುದು" ಅಂದ.

ನವೆಂಬರ್‌ನಲ್ಲಿ ಬಂದ ಫೋನು ಮೂರು. ಅದರಲ್ಲಿ ಒಂದು ರಾಂಗ್ ನಂಬರ್.

ಪುಟ್ಟ ಅಂದರೆ ನಮ್ಮೂರಿನ ಹುಡುಗ. ಹೆಸರು ಬರೆಯಬೇಡಿ ಅಂದಿದ್ದಾನೆ, ಹಾಗಾಗಿ ಊರಲ್ಲಿ ಎಲ್ಲರೂ ಕರೆಯುವ ಹಾಗೆ ಪುಟ್ಟ ಅಂತಲೇ ಇರಲಿ. ಮೂಡಿಗೆರೆ ಕಡೆಯ ಒಂದು ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿದವನು. ಬೆಂಗಳೂರಿನಲ್ಲಿ ಮಾಡುತ್ತಿದ್ದ ಕೆಲಸ ಕೊರೊನಾ ಎರಡನೇ ಅಲೆಯಲ್ಲಿ ಹೋಯಿತು. ತೆಲಂಗಾಣದಲ್ಲಿ ಲಾಕ್‌ಡೌನ್ ತೆಗೆದ ವಾರವೇ, ಜೂನ್ ಕೊನೆಯಲ್ಲಿ, ನನ್ನ ನಂಬರ್ ಹುಡುಕಿಕೊಂಡು ಬಂದ. ಏನು ಕೆಲಸ ಬರುತ್ತೆ ಅಂತ ಕೇಳಿದೆ. "ಮರಗಸಿ ಬರುತ್ತೆ" ಅಂದ.

ಮಲೆನಾಡಿನವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗೆ: ಕಾಫಿ ಗಿಡ ನೆರಳಿನಲ್ಲಿ ಬೆಳೆಯುತ್ತದೆ, ಆದರೆ ನೆರಳು ಹೆಚ್ಚಾದರೂ ಕಷ್ಟ. ಗಿಡಕ್ಕೆ ಬೇಕಾದಷ್ಟೇ ಬಿಸಿಲು ಇಳಿಯುವ ಹಾಗೆ ಮೇಲಿನ ಸಿಲ್ವರ್ ಓಕ್, ಅತ್ತಿ, ಹಲಸು, ಹಾಲುವಾಣಗಳ ಕೊಂಬೆ ತೆಗೆಯುವುದೇ ಮರಗಸಿ. ಕೊಂಬೆ ಕೆಳಗಿನ ಕಾಫಿ ಗಿಡದ ಮೇಲೆ ಬೀಳಬಾರದು, ಮರದ ಕಾಂಡ ಸೀಳಬಾರದು, ಹತ್ತಿದವನು ಬೀಳಬಾರದು. ಇಂಗ್ಲೆಂಡ್, ಅಮೆರಿಕದಲ್ಲಿ ಇದನ್ನೇ ಕೋರ್ಸು ಮಾಡಿ ಕಲಿತು, ಹೆಲ್ಮೆಟ್ ಹಾಕಿಕೊಂಡು ಮಾಡುವವರಿಗೆ ಟ್ರೀ ಸರ್ಜನ್ ಅನ್ನುತ್ತಾರೆ. ನಮ್ಮಲ್ಲಿ ದಿನಗೂಲಿ ಅನ್ನುತ್ತೇವೆ.

ನಾನು ಸುರತ್ಕಲ್ಲಿನಲ್ಲಿ ಎಂ.ಟೆಕ್. ಮಾಡಿದವನು. ಹದಿನೈದು ವರ್ಷದಿಂದ ಬೇರೆಯವರ ಕೆಲಸವನ್ನು ಎಕ್ಸೆಲ್ ಶೀಟಿನಲ್ಲಿ ಜೋಡಿಸುವುದೇ ನನ್ನ ಕೆಲಸ. ಪುಟ್ಟನಿಗೂ ಒಂದು ಶೀಟ್ ಮಾಡಿದೆ. ಎರಡು ಸೆಟ್ ಹಾರ್ನೆಸ್, ಹಗ್ಗ, ಹೆಲ್ಮೆಟ್, ಒಂದು ಚೈನ್‌ಸಾ ಕೊಡಿಸಿದೆ. ವಿಸಿಟಿಂಗ್ ಕಾರ್ಡಿನಲ್ಲಿ ಅವನ ನಂಬರಿನ ಕೆಳಗೆ ನನ್ನ ನಂಬರ್ ಹಾಕಿದೆವು, ಯಾಕೆಂದರೆ ಅವನಿಗೆ ತೆಲುಗು ಬರುತ್ತಿರಲಿಲ್ಲ. ಕೆಲಸಕ್ಕೆ ಮೂವರು ಸಿಕ್ಕರು. ಇಬ್ಬರು ಮಹಬೂಬ್‌ನಗರದ ಹಳ್ಳಿಯವರು, ಒಬ್ಬ ನಾರಾಯಣಪೇಟೆ ಕಡೆಯವನು. ನಾರಾಯಣಪೇಟೆಯವನಿಗೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು. ಪುಟ್ಟನ ಮಾತನ್ನು ಉಳಿದಿಬ್ಬರಿಗೆ ದಾಟಿಸುವವನು ಅವನೇ.

ಮಳೆಗಾಲದಲ್ಲಿ ಈ ನಗರದಲ್ಲಿ ಮರದ ಕೆಲಸಕ್ಕೆ ಬರವಿಲ್ಲ. ಗಚ್ಚಿಬೌಲಿ, ಕೊಂಡಾಪುರ, ಮಾದಾಪುರದ ಕಡೆ ಮಣ್ಣು ಎರಡಡಿ ಅಗೆದರೆ ಬಂಡೆ ಸಿಗುತ್ತದೆ. ಬೇರು ಕೆಳಗಿಳಿಯುವುದಿಲ್ಲ, ಚಾಪೆಯ ಹಾಗೆ ಹರಡಿಕೊಳ್ಳುತ್ತದೆ. ಪಕ್ಕದ ಸೈಟಿನಲ್ಲಿ ಸೆಲ್ಲಾರ್ ತೋಡುವಾಗ ಅದರಲ್ಲಿ ಅರ್ಧ ಕತ್ತರಿಸಿ ಹೋಗಿರುತ್ತದೆ. ಮಣ್ಣು ನೆನೆದ ದಿನ ಒಂದು ಗಾಳಿ ಬೀಸಿದರೆ ಸಾಕು. ಆದರೆ ಮಳೆ ಹಿಂದೆ ಸರಿದ ಮೇಲೆ ಮರ ಯಾರ ಕಣ್ಣಿಗೂ ಬೀಳುವುದಿಲ್ಲ. ದೀಪಾವಳಿ ಮುಗಿದು ಬೆಳಗಿನ ಚಳಿ ಶುರುವಾದರೆ ಮತ್ತೆ ಮೇ ತಿಂಗಳ ಗಾಳಿಯ ತನಕ ಮರಗಸಿಯವನನ್ನು ಕೇಳುವವರಿಲ್ಲ.

ಇದು ನನಗೆ ಮೊದಲು ತಿಳಿದಿರಲಿಲ್ಲ. ನಾನು ಓದಿದ್ದೆಲ್ಲ ಹೊರದೇಶದ ಮಾಹಿತಿ. ಅಲ್ಲಿ ಚಳಿಗಾಲವೇ ಮರಗಸಿಗೆ ಒಳ್ಳೆಯ ಕಾಲ. ಎಲೆ ಉದುರಿ ಮರದ ಅಸ್ಥಿಪಂಜರ ಕಾಣುತ್ತದೆ, ಮರ ನಿದ್ದೆಯಲ್ಲಿರುತ್ತದೆ, ಹಕ್ಕಿ ಗೂಡು ಕಟ್ಟಿರುವುದಿಲ್ಲ. ಅದನ್ನೇ ನಂಬಿ ಶೀಟಿನಲ್ಲಿ ನವೆಂಬರ್‌ನಿಂದ ಫೆಬ್ರವರಿಯ ತನಕ ಹಸಿರು ಬಣ್ಣ ತುಂಬಿದ್ದೆ. ಪುಟ್ಟ ನೋಡಿ ನಕ್ಕ. "ಅಣ್ಣಾ, ಇಲ್ಲಿ ಮರ ಎಲ್ಲಿ ಮಲಗುತ್ತೆ? ಎಲೆ ಉದುರೋದು ಶಿವರಾತ್ರಿ ಹೊತ್ತಿಗೆ. ಡಿಸೆಂಬರ್ ಜನವರೀಲಿ ಮಾವು ಹೂ ಬಿಡುತ್ತೆ, ಮುಟ್ಟಂಗಿಲ್ಲ. ಹದ್ದು ಗೂಡು ಕಟ್ಟೋದೂ ಚಳಿಗಾಲದಲ್ಲೇ."

ಹದ್ದಿನ ಮಾತು ನಿಜವಾಯಿತು. ನವೆಂಬರ್‌ನ ಎರಡು ನಿಜವಾದ ಫೋನುಗಳಲ್ಲಿ ಒಂದು, ಎತ್ತರದ ನೀಲಗಿರಿ ಮರದ ತುದಿ ತೆಗೆಯಬೇಕು ಅಂತ. ಪುಟ್ಟ ಅರ್ಧ ಹತ್ತಿ ಇಳಿದು ಬಂದ. ಗೂಡಿದೆ, ಏಪ್ರಿಲ್ ಕಳೆದ ಮೇಲೆ ಬರುತ್ತೇನೆ ಅಂದ. ಎರಡರಲ್ಲಿ ಒಂದು ಹಾಗೆ ಹೋಯಿತು.

ಆಗ ನಾನು ಮ್ಯಾನೇಜರ್ ಆದೆ. ಮೂವರಿಗೆ ದಿನಕ್ಕೆ 700 ರೂಪಾಯಿಯಂತೆ, ತಿಂಗಳಿಗೆ 26 ದಿನ ಅಂದರೆ 54,600. ನಾಲ್ಕು ತಿಂಗಳಿಗೆ 2,18,400. ಮಳೆಗಾಲದಲ್ಲಿ ಪುಟ್ಟ ಉಳಿಸಿದ್ದು 60,000. ಲೆಕ್ಕವನ್ನು ಅವನ ಮುಂದಿಟ್ಟು, "ಕೆಲಸ ಇದ್ದ ದಿನ ಮಾತ್ರ ಕೂಲಿ ಕೊಡು. ಇಲ್ಲದ ದಿನ ಅವರು ಬೇರೆ ಎಲ್ಲಾದರೂ ಹೋಗಲಿ. ಜೂನ್‌ನಲ್ಲಿ ಮತ್ತೆ ಕರೆದರಾಯಿತು" ಅಂದೆ. ನನಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಆಫೀಸಿನಲ್ಲಿ ಪ್ರಾಜೆಕ್ಟ್ ಮುಗಿದವರು ಬೆಂಚಿಗೆ ಹೋಗುತ್ತಾರೆ, ಬೆಂಚಿನಲ್ಲಿ ಇಂತಿಷ್ಟು ದಿನ ದಾಟಿದರೆ ಹೆಸರು ಒಂದು ಪಟ್ಟಿಗೆ ಹೋಗುತ್ತದೆ. ಆ ಪಟ್ಟಿಗೆ ನಾನೂ ಹೆಸರು ಕಳಿಸಿದ್ದೇನೆ.

ಪುಟ್ಟ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಜೂನ್‌ನಲ್ಲಿ ಬರಲ್ಲ ಅಣ್ಣ. ಕಟ್ಟಡದ ಕೆಲಸಕ್ಕೆ ಹೋದೋರು ಹೋದಂಗೇ. ಹಗ್ಗ ಹಿಡಿಯೋದು ಕಲಿಸೋಕೆ ನಂಗೆ ನಾಲ್ಕು ತಿಂಗಳು ಹಿಡೀತು. ನಾನು ಮೇಲಿದ್ದಾಗ ಕೆಳಗೆ ಹಗ್ಗ ಹಿಡಿದಿರೋನು ಹೊಸಬ ಆದ್ರೆ..." ಅಂದು ನಿಲ್ಲಿಸಿದ. ಮುಂದಿನದು ಹೇಳಬೇಕಿರಲಿಲ್ಲ. ಅವನಪ್ಪನೂ ಮರಗಸಿಯವನೇ.

1998ರಲ್ಲಿ ನಾನು ಇಂಜಿನಿಯರಿಂಗ್ ಓದುತ್ತಿದ್ದೆ, ಪುಟ್ಟನಿಗೆ ಆರು ವರ್ಷ. ನಮ್ಮಪ್ಪ ಅದೇ ತೋಟದಲ್ಲಿ ರೈಟರ್. ಆಳುಗಳ ಹಾಜರಿ ಬರೆಯುವ ಚೆಕ್‌ರೋಲ್ ಅವರ ಕೈಯಲ್ಲಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ ಹನ್ನೊಂದು ಗಂಟೆಯ ಸುಮಾರಿಗೆ ಪುಟ್ಟನ ಅಪ್ಪ ಸಿಲ್ವರ್ ಓಕ್ ಮರದಿಂದ ಬಿದ್ದ. ಸೊಂಟ ಮುರಿಯಿತು. ಮತ್ತೆ ಮರ ಹತ್ತಲಿಲ್ಲ, ನೆಟ್ಟಗೆ ನಡೆಯಲೂ ಇಲ್ಲ. ಅವತ್ತು ಸಂಜೆ ಚೆಕ್‌ರೋಲ್ ಬರೆಯುವಾಗ ನಮ್ಮಪ್ಪ ಅವನ ಹೆಸರಿನ ಮುಂದೆ ಅರ್ಧ ಹಾಜರಿ ಹಾಕಿದರು. ತೋಟದ ನಿಯಮ ಹಾಗಿತ್ತು: ಮಧ್ಯಾಹ್ನದ ಗಂಟೆ ಹೊಡೆಯುವ ಮುಂಚೆ ಕೆಲಸ ಬಿಟ್ಟರೆ ಅರ್ಧ. ಇದನ್ನು ನನಗೆ ಹೇಳಿದ್ದು ಅಮ್ಮ, ಎಷ್ಟೋ ವರ್ಷ ಕಳೆದ ಮೇಲೆ. ಪುಟ್ಟನಿಗೆ ಗೊತ್ತಿದೆಯೋ ಇಲ್ಲವೋ ಅಂತ ನಾನು ಯಾವತ್ತೂ ಕೇಳಿರಲಿಲ್ಲ.

ಆ ರಾತ್ರಿ ಶೀಟಿನಲ್ಲಿ ಮೂವರ ಹೆಸರಿನ ಮುಂದೆ ನಾನೇ ಬರೆದಿದ್ದ ಸೊನ್ನೆಗಳನ್ನು ನೋಡುತ್ತ ಕೂತೆ. ಮರುದಿನ ಅವನಿಗೆ, "ಆಯಿತು, ಜನ ಬಿಡುವುದು ಬೇಡ. ಕೆಲಸ ಹುಡುಕೋಣ" ಅಂದೆ.

ಮೊದಲು ಹೊಳೆದದ್ದು ಊರು. ನಮ್ಮಲ್ಲಿ ನವೆಂಬರ್‌ನಿಂದ ಕಾಫಿ ಕೊಯ್ಲು, ಆಮೇಲೆ ಮೆಣಸು. ಆಳು ಸಿಗದೆ ತೋಟದವರು ಅಸ್ಸಾಮಿನಿಂದ ಜನ ಕರೆಸುತ್ತಾರೆ. ಮೂವರನ್ನೂ ಕರೆದುಕೊಂಡು ಹೋಗು ಅಂದೆ. "ಅಲ್ಲಿಗೊಂದು ಬೇಡ ಅಣ್ಣ" ಅಂದ. ಒತ್ತಾಯ ಮಾಡಲಿಲ್ಲ.

ಎರಡನೆಯದು ಮದುವೆ. ಕಾರ್ತಿಕದಲ್ಲಿ ಲಗ್ನ ಶುರುವಾಗುತ್ತವೆ. ಇಲ್ಲಿನ ಫಂಕ್ಷನ್ ಹಾಲುಗಳಲ್ಲಿ ಗೇಟಿನಿಂದ ಮಂಟಪದ ತನಕ ಒಂದೊಂದು ಮರಕ್ಕೂ ಸೀರಿಯಲ್ ಸೆಟ್ ಸುತ್ತುತ್ತಾರೆ. ಡೆಕೊರೇಷನ್‌ನವರ ಹುಡುಗರು ಏಣಿ ಮುಟ್ಟುವಷ್ಟು ಎತ್ತರ ಸುತ್ತಿ ಬಿಡುತ್ತಾರೆ. ಪುಟ್ಟನ ಜನ ತುದಿಯ ತನಕ ಸುತ್ತಿಕೊಟ್ಟರು, ಅದೂ ಒಂದು ಮೊಳೆಯನ್ನೂ ಹೊಡೆಯದೆ. ಮರುದಿನ ಬಿಚ್ಚುವುದಕ್ಕೆ ಬೇರೆ ದುಡ್ಡು. 36,000 ಬಂತು. ಡಿಸೆಂಬರ್ 16ಕ್ಕೆ ಧನುರ್ಮಾಸ ಬಂದು ಮದುವೆಗಳು ನಿಂತವು, ಆ ಕೆಲಸವೂ ನಿಂತಿತು.

ಮೂರನೆಯದು ತೆಂಗು. ಪಾರ್ಕಿಂಗ್ ಜಾಗದ ಮೇಲೆ ಬಾಗಿದ ಮರಗಳಿಂದ ಒಣಗರಿ, ಕಾಯಿ ಇಳಿಸುವುದು. ಇದಕ್ಕೆ ಋತುವಿಲ್ಲ, ಕಾರಿನ ಗಾಜು ಒಡೆಯುವ ಭಯ ಹನ್ನೆರಡು ತಿಂಗಳೂ ಇರುತ್ತದೆ. ಆದರೆ ಮರಕ್ಕೆ 150ಕ್ಕಿಂತ ಹೆಚ್ಚು ಯಾರೂ ಕೊಡುವುದಿಲ್ಲ. ಆ ಚಳಿಗಾಲದಲ್ಲಿ 140 ಮರ ಹತ್ತಿ 21,000.

ನಾಲ್ಕನೆಯದನ್ನು ತಂದವನು ನಾನು. ಹೇಳುವುದಕ್ಕೆ ಸಂಕೋಚವಾಗುತ್ತದೆ, ಆದರೆ ಅದನ್ನು ಬಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಆ ವರ್ಷ ತೆಲಂಗಾಣದ ತುಂಬ ಬೇವಿನ ಮರಗಳು ಒಣಗಿದ್ದು ಪತ್ರಿಕೆ ಓದಿದವರಿಗೆ ನೆನಪಿರಬಹುದು. ಚಿಗುರಿನ ತುದಿಯಿಂದ ಶುರುವಾಗಿ ಕೊಂಬೆ ಕೊಂಬೆಯೇ ಕಂದಾಗುತ್ತಿತ್ತು. ದೂರದಿಂದ ನೋಡಿದರೆ ಮರಕ್ಕೆ ಯಾರೋ ಮೇಲಿನಿಂದ ಬೆಂಕಿ ಹಚ್ಚಿ ಆರಿಸಿದ ಹಾಗೆ. ಬೇವು ಸಾಯುತ್ತದೆ ಅಂತ ಯಾರೂ ಯೋಚಿಸಿರಲಿಲ್ಲ. ಬೇರೆಯದಕ್ಕೆ ಔಷಧಿಯಾಗುವ ಮರ ಅದು. ಜನ ಹೆದರಿದರು. ನಮ್ಮ ಬೀದಿಯ ಹಿರಿಯರೊಬ್ಬರು ತಮ್ಮ ಮನೆ ಮುಂದಿನ ಮರ ತೋರಿಸಿ, "ಚೆಟ್ಟು ಚಚ್ಚಿಪೋಯಿಂದಿ, ಕೊಟ್ಟೇಯಂಡಿ" ಅಂದರು. ಮರ ಸತ್ತುಹೋಯಿತು, ಕಡಿದುಬಿಡಿ.

ಇದೇ ಹೊತ್ತಿಗೆ, ಪರಿಚಯದವರೊಬ್ಬರ ಮೂಲಕ ಶಂಕರಪಲ್ಲಿ ರಸ್ತೆಯ ಕಡೆ ಒಂದು ಸೈಟಿನ ಕೆಲಸ ಬಂತು. ಹದಿನಾಲ್ಕು ಬೇವು, ಎರಡು ಹುಣಸೆ. ಎಲ್ಲ ಒಣಗಿವೆ, ಕಡಿದು ಸಾಗಿಸಿ ಜಾಗ ಖಾಲಿ ಮಾಡಿಕೊಡಬೇಕು. 1,20,000 ಕೊಡುತ್ತೇವೆ. ಒಂದೇ ಷರತ್ತು, ಡಿಸೆಂಬರ್ 25 ಶನಿವಾರ ಮತ್ತು ಮರುದಿನ ಭಾನುವಾರದಲ್ಲಿ ಕೆಲಸ ಮುಗಿಯಬೇಕು. ಯಾಕೆ ಆ ಎರಡು ದಿನ ಅಂತ ನಾನು ಕೇಳಲಿಲ್ಲ, ಯಾಕೆಂದರೆ ಕೇಳದೆಯೇ ಗೊತ್ತಿತ್ತು. ಕ್ರಿಸ್‌ಮಸ್ ರಜೆ, ಕಚೇರಿಗಳು ಮುಚ್ಚಿರುತ್ತವೆ. ಕರ್ನಾಟಕದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇದ್ದ ಹಾಗೆ ಇಲ್ಲಿ 2002ರ ವಾಲ್ಟಾ ಕಾಯ್ದೆ ಇದೆ. ನೀರು, ನೆಲ, ಮರ ಮೂರಕ್ಕೂ ಸೇರಿದ್ದು. ಮರ ಕಡಿಯಲು ಅನುಮತಿ ಪತ್ರ ಬೇಕು. ಅವರ ಹತ್ತಿರ ಪತ್ರ ಇರಲಿಲ್ಲ.

ನನಗೆ ಕಂಡದ್ದು 1,20,000 ಮಾತ್ರ. ಎರಡು ತಿಂಗಳ ಕೂಲಿ ಒಂದೇ ವಾರಾಂತ್ಯದಲ್ಲಿ ಕೈಗೆ ಬರುತ್ತದೆ. ಹೇಗೂ ಸತ್ತ ಮರಗಳು ಅಂತ ನನಗೆ ನಾನೇ ಹೇಳಿಕೊಂಡೆ. ಪುಟ್ಟನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದೆ.

ಅವನು ಒಂದೊಂದು ಮರದ ಹತ್ತಿರವೂ ಹೋಗಿ, ಕೈಗೆ ಸಿಕ್ಕ ಕೊಂಬೆಯ ತೊಗಟೆಯನ್ನು ಚಾಕುವಿನಿಂದ ಒಂದಿಂಚು ಕೆರೆದ. ಮೊದಲ ಮರದಲ್ಲಿ ಮೇಲಿನ ಸಿಪ್ಪೆ ಹೋದ ಜಾಗದಲ್ಲಿ ಹಸಿರು. ಎರಡನೆಯದರಲ್ಲೂ ಹಸಿರು. ಹದಿನಾಲ್ಕರಲ್ಲಿ ಹದಿಮೂರು ಹಸಿರು. ಹುಣಸೆಗೆ ಅಸಲು ರೋಗವೇ ಬಂದಿರಲಿಲ್ಲ.

"ಅಣ್ಣಾ, ಇವು ಸತ್ತಿಲ್ಲ."

"ನೀನು ಕಡಿಯದಿದ್ದರೆ ಬೇರೆಯವರು ಕಡಿಯುತ್ತಾರೆ" ಅಂದೆ. ಈ ಮಾತು ನನ್ನ ಬಾಯಿಂದಲೇ ಬಂತು.

"ಕಡೀಲಿ. ನಾವು ಸತ್ತಿದೆ ಅಂತ ಬರಕೊಟ್ಟು ಕಡಿಯೋದು ಬೇಡ. ಬದುಕಿರೋದನ್ನ ಲೆಕ್ಕದಲ್ಲಿ ಕಮ್ಮಿ ಮಾಡಿದ್ರೆ ಏನಾಗುತ್ತೆ ಅಂತ ನಮ್ಮನೇಲಿ ಗೊತ್ತು."

ಅಷ್ಟೇ ಹೇಳಿದ. ಸಿಟ್ಟಿನಿಂದಲ್ಲ. ಕಾರಿನಲ್ಲಿ ವಾಪಸು ಬರುವಾಗ ಬೇರೆ ಏನೇನೋ ಮಾತಾಡಿದೆವು. ಅವನಿಗೆ ಅರ್ಧ ಹಾಜರಿಯ ವಿಷಯ ಗೊತ್ತಿದೆ ಅಂತ ನನಗೆ ಅವತ್ತು ಖಾತ್ರಿಯಾಯಿತು.

ಸಂಕ್ರಾಂತಿ ಮುಗಿದ ಮೇಲೆ ನಾನು ಆ ದಾರಿಯಲ್ಲಿ ಹೋದೆ. ಸೈಟು ಖಾಲಿಯಾಗಿತ್ತು, ಸುತ್ತ ತಗಡಿನ ಬೇಲಿ ಬಂದಿತ್ತು. ನನ್ನ ಮಾತೇ ನಿಜವಾಯಿತು. ಆದರೆ ಅದು ನಿಜವಾದದ್ದರಿಂದ ನನಗೆ ಯಾವ ಸಮಾಧಾನವೂ ಆಗಲಿಲ್ಲ.

ಸೈಟಿನಿಂದ ವಾಪಸು ಬಂದ ಆ ರಾತ್ರಿ ಬೇವಿನ ರೋಗದ ಬಗ್ಗೆ ಓದಲು ಕೂತಿದ್ದೆ. ಎಂ.ಟೆಕ್. ಕಲಿಸಿದ ಅಭ್ಯಾಸ, ಏನೂ ತೋಚದಿದ್ದಾಗ ಪೇಪರ್ ಓದುವುದು. ಚಿಗುರು ಒಣಗಿಸುವ ಈ ಶಿಲೀಂಧ್ರಕ್ಕೆ ಫೋಮಾಪ್ಸಿಸ್ ಅಜಾಡಿರಾಕ್ಟೇ ಅಂತ ಹೆಸರು. ಅದನ್ನು ಹೊಸ ಪ್ರಭೇದವೆಂದು ವರ್ಣಿಸಿ 1997ರಲ್ಲಿ ಪ್ರಕಟಿಸಿದವರು ಮೈಸೂರು ವಿಶ್ವವಿದ್ಯಾಲಯದ ವಿಜ್ಞಾನಿಗಳು. ಇದರ ಜೊತೆಗೆ, ಕರಾವಳಿಯ ಗೇರು ಬೆಳೆಗಾರರಿಗೆಲ್ಲ ಗೊತ್ತಿರುವ ಟೀ ಸೊಳ್ಳೆಯೂ ಸೇರಿಕೊಂಡು ಎಳೆ ಚಿಗುರಿನ ರಸ ಹೀರುತ್ತದೆ. ಮಳೆಗಾಲದ ಕೊನೆಯಿಂದ ಚಳಿಗಾಲದ ತನಕ ರೋಗ ಜೋರು. ಬಲವಾದ ಮರ ಬಿಸಿಲು ಏರಿದ ಮೇಲೆ ಮತ್ತೆ ಚಿಗುರುತ್ತದೆ. ರೋಗ ಬಂದ ಒಣ ರೆಂಬೆಗಳನ್ನು ಕತ್ತರಿಸಿ ಸುಟ್ಟುಬಿಡಬೇಕು. ಗಾಬರಿಯಾಗಿ ಮರ ಕಡಿಯಬೇಡಿ ಅಂತ ಕೃಷಿ ವಿಜ್ಞಾನಿಗಳೂ ಪತ್ರಿಕೆಗಳಲ್ಲಿ ಹೇಳಿದ್ದರು.

ಓದುತ್ತಿದ್ದ ಹಾಗೆ ತಲೆಗೆ ಬಂತು: ಚಳಿಗಾಲದ ಕೆಲಸ ಇಲ್ಲೇ ಇದೆ. ಕಡಿಯುವ ಕೆಲಸವಲ್ಲ, ಕಡಿಯಬೇಡಿ ಅಂತ ಹೇಳುವ ಕೆಲಸ.

ಆದರೆ ಕಡಿಯಬೇಡಿ ಅನ್ನುವುದಕ್ಕೆ ಯಾರು ದುಡ್ಡು ಕೊಡುತ್ತಾರೆ? ಇದಕ್ಕೆ ಉತ್ತರ ಕೊಟ್ಟವನು ಮಹಬೂಬ್‌ನಗರದ ಹುಡುಗ. ಅವರ ಊರಿನ ಹತ್ತಿರ ಪಿಲ್ಲಲಮರ್ರಿ ಅಂತ ಎಕರೆಗಟ್ಟಲೆ ಹರಡಿದ ಹಳೆಯ ಆಲದ ಮರವಿದೆ. ಗೆದ್ದಲು ಹಿಡಿದು 2017ರ ಡಿಸೆಂಬರ್‌ನಲ್ಲಿ ಅದರ ದೊಡ್ಡ ಕೊಂಬೆ ಮುರಿದು ಬಿತ್ತು. 2018ರಲ್ಲಿ ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸುವ ಹಾಗೆ ಬಾಟಲಿ ತೂಗುಹಾಕಿ ಅದರೊಳಗೆ ಕೀಟನಾಶಕ ಹನಿಸಿದರು. "ಸಾರ್, ಮರಕ್ಕೆ ಡ್ರಿಪ್ ಹಾಕಿದ್ದು ನೋಡೋಕೆ ಊರೂರಿಂದ ಜನ ಬಂದಿದ್ರು. ಕಡಿಯೋಕೆ ಯಾರಾದ್ರೂ ಬರ್ತಾರಾ ನೋಡೋಕೆ?" ಅಂತ ಅವನು ಹೇಳಿದ್ದನ್ನು ನಾರಾಯಣಪೇಟೆಯವನು ಕನ್ನಡಕ್ಕೆ ತಿರುಗಿಸಿದ.

ನಾನು ಕಾರ್ಡು ಬದಲಾಯಿಸಿದೆ. ಅಪಾರ್ಟ್‌ಮೆಂಟಿನವರಿಗೆ ಲಿಫ್ಟಿಗೆ ಎ.ಎಂ.ಸಿ. ಇದೆ, ಜನರೇಟರಿಗೆ ಇದೆ, ನೀರಿನ ಫಿಲ್ಟರಿಗೂ ಇದೆ. ವರ್ಷದ ಒಪ್ಪಂದ ಅಂದರೆ ಅವರಿಗೆ ತಕ್ಷಣ ಅರ್ಥವಾಗುತ್ತದೆ. ಮರಕ್ಕೂ ಒಂದು ಎ.ಎಂ.ಸಿ. ಮಾಡಿದೆವು. ವರ್ಷಕ್ಕೆ ಮೂರು ಸಲ ಬಂದು ಪ್ರತಿ ಮರವನ್ನೂ ನೋಡುವುದು: ಚಳಿಗಾಲದಲ್ಲಿ ಒಣಕೊಂಬೆ, ರೋಗ, ಪೊಟರೆ; ಮೇ ತಿಂಗಳಲ್ಲಿ ಗಾಳಿಗೆ ಮುಂಚೆ ಭಾರ ಕಡಿಮೆ ಮಾಡುವುದು; ಮಳೆ ಮುಗಿದ ಮೇಲೆ ಬುಡ, ಬೇರು. ಮರಗಳಿಗೆ ನಂಬರ್ ಹಾಕಿ, ಫೋಟೋ ತೆಗೆದು, ಒಂದು ಶೀಟ್ ಕೊಡುವುದು. ಶೀಟ್ ನನ್ನ ಪಾಲಿನ ಕೆಲಸ.

ಮೊದಲ ಒಪ್ಪಿಗೆ ನಮ್ಮದೇ ಅಪಾರ್ಟ್‌ಮೆಂಟಿನಿಂದ ಬಂತು, ಅದೂ ಜಗಳವಾಡಿ. ಹನ್ನೊಂದು ಬೇವುಗಳಲ್ಲಿ ಏಳು ಕಂದಾಗಿದ್ದವು. ಕಮಿಟಿ ಮೀಟಿಂಗಿನಲ್ಲಿ, ಸತ್ತ ಮರ ಉಳಿಸುವುದಕ್ಕೆ ದುಡ್ಡು ಕೇಳುತ್ತಿದ್ದೀರಿ, ನಿಮ್ಮೂರ ಹುಡುಗ ಅಂತ ಅಲ್ಲವಾ ಅಂತ ಒಬ್ಬರು ನೇರವಾಗಿಯೇ ಕೇಳಿದರು. ಪುಟ್ಟ ಮಾತಾಡದೆ ಕೆಳಗೆ ಹೋಗಿ, ಎಲ್ಲರಿಗಿಂತ ಒಣಗಿದಂತೆ ಕಾಣುವ ಮರದ ಕೊಂಬೆ ಕೆರೆದು ಹಸಿರು ತೋರಿಸಿದ. ಆಮೇಲೆ ತನ್ನ ಹೊಸ ತೆಲುಗಿನಲ್ಲಿ, "ಉಗಾದಿ ದಾಕಾ ಆಗಂಡಿ" ಅಂದ. ಯುಗಾದಿಯ ತನಕ ತಡೆಯಿರಿ. ಚಿಗುರದಿದ್ದರೆ ದುಡ್ಡು ವಾಪಸು ಕೊಟ್ಟು ಪುಕ್ಕಟೆ ಕಡಿದುಕೊಡುತ್ತೇನೆ.

ಆ ಮಾತು ನನ್ನನ್ನು ಕೇಳಿ ಆಡಿದ್ದಲ್ಲ. ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಅವನು ಕೆಲಸ ಮಾಡುವುದನ್ನು ನಾನು ಮೊದಲ ಸಲ ಹತ್ತಿರದಿಂದ ನೋಡಿದ್ದು ಆಗ. ಭಾರದ ಕೊಂಬೆಯನ್ನು ಒಂದೇ ಏಟಿಗೆ ತೆಗೆಯುವುದಿಲ್ಲ. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಕೊಯ್ಯುತ್ತಾನೆ. ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ. ಕೊಂಬೆ ಬೀಳುವಾಗ ತೊಗಟೆ ಸೀಳಿಕೊಂಡು ಬರುವುದಿಲ್ಲ. ಕೊನೆಗೆ ಉಳಿದ ಮೋಟನ್ನು ತೆಗೆಯುವಾಗ, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಉಂಗುರವಿರುತ್ತದಲ್ಲ, ಅದನ್ನು ಮುಟ್ಟದೆ ಅದರ ಅಂಚಿಗೆ ಕೊಯ್ಯುತ್ತಾನೆ. "ಉಂಗುರ ಬಿಟ್ರೆ ಮರ ತಾನೇ ಮುಚ್ಕೊಳ್ಳುತ್ತೆ ಅಂತ ಅಪ್ಪ ಹೇಳ್ತಿದ್ದ" ಅಂದ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದೂ ಇದನ್ನೇ. ಮರದ ಗಾಯ ನಮ್ಮ ಚರ್ಮದ ಹಾಗೆ ವಾಸಿಯಾಗುವುದಿಲ್ಲ. ಮರ ಆ ಜಾಗಕ್ಕೆ ಒಳಗಿನಿಂದ ಗೋಡೆ ಕಟ್ಟಿ, ಅದನ್ನು ಅಲ್ಲೇ ಬಿಟ್ಟು, ಸುತ್ತ ಹೊಸದಾಗಿ ಬೆಳೆಯುತ್ತದೆ. ಉಂಗುರ ಕೊಯ್ದರೆ ಗೋಡೆ ಕಟ್ಟುವ ಶಕ್ತಿಯನ್ನೇ ಕೊಯ್ದ ಹಾಗೆ. ಪುಟ್ಟನ ಅಪ್ಪ ಶಾಲೆಗೆ ಹೋದವನಲ್ಲ.

ಒಂದು ಮರದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಗರಗಸವನ್ನು ಸ್ಪಿರಿಟ್‌ನಿಂದ ಒರೆಸುವುದನ್ನು ನಾನು ಓದಿ ಹೇಳಿದೆ. ನನ್ನ ಎಂ.ಟೆಕ್.ನಿಂದ ಅವನಿಗೆ ಆದ ಉಪಕಾರ ಅಷ್ಟೇ.

ಒಣ ರೆಂಬೆ ರಾಶಿ ಬಿತ್ತು. ಅದನ್ನು ಸಾಗಿಸುವ ಖರ್ಚಿನ ಬಗ್ಗೆ ನಾನು ತಲೆ ಕೆಡಿಸಿಕೊಂಡಿದ್ದಾಗ ಭೋಗಿ ಹಬ್ಬ ಬಂತು. ತೆಲುಗರ ಮನೆಗಳ ಮುಂದೆ ಭೋಗಿಯ ಬೆಳಗಿನ ಜಾವ ಬೆಂಕಿ ಹಾಕಲೇಬೇಕು. ನಗರದಲ್ಲಿ ಅದಕ್ಕೆ ಕಟ್ಟಿಗೆ ಸಿಗುವುದಿಲ್ಲ. ರೋಗದ ರೆಂಬೆಯನ್ನು ಸುಡಲೇಬೇಕು ಅಂತ ವಿಜ್ಞಾನಿಗಳು ಹೇಳಿದ್ದರು, ಸುಡಲು ಕಟ್ಟಿಗೆ ಬೇಕು ಅಂತ ಜನ ಕೇಳಿದರು. ಆ ಬೆಂಕಿಯ ಸುತ್ತ ನಿಂತವರಿಂದಲೇ ಇನ್ನೆರಡು ಅಪಾರ್ಟ್‌ಮೆಂಟಿನ ನಂಬರ್ ಸಿಕ್ಕವು. ಫೆಬ್ರವರಿ ಮುಗಿಯುವ ಹೊತ್ತಿಗೆ ಐದು ಕಡೆ ಒಪ್ಪಂದವಾಗಿ, ಬೇವಿನ ಕೆಲಸವೂ ಸೇರಿ 74,000 ಬಂದಿತ್ತು.

ಆ ಜನವರಿಯಲ್ಲಿ ಅಪ್ಪ ನಮ್ಮ ಮನೆಯಲ್ಲಿದ್ದರು. ಮಲೆನಾಡಿನ ಚಳಿ ಈಗ ಅವರಿಗೆ ತಡೆಯುವುದಿಲ್ಲ. ಎಪ್ಪತ್ತಾರು ವರ್ಷ, ಕಿವಿ ಸ್ವಲ್ಪ ಮಂದ, ಕೈಬರಹ ಮಾತ್ರ ಹಾಗೇ ಇದೆ. ಪುಟ್ಟ ಬಂದಾಗ ಮೊದಲ ದಿನ ಇಬ್ಬರೂ ಸರಿಯಾಗಿ ಮಾತಾಡಲಿಲ್ಲ. ಅವನು "ಚೆನ್ನಾಗಿದ್ದೀರಾ ರೈಟ್ರೇ" ಅಂದ, ಇವರು "ಹೂಂ, ಅಪ್ಪ ಹೇಗಿದ್ದಾನೆ" ಅಂದರು. "ಇದ್ದಾರೆ" ಅಂದ.

ಪುಟ್ಟ ಹಾಜರಿಯನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ. ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ಒಂದು ಸಂಜೆ ಅಪ್ಪ ಅದನ್ನು ತಮ್ಮ ಕಡೆ ಎಳೆದುಕೊಂಡು, ಕನ್ನಡಕ ಹಾಕಿಕೊಂಡು, ಗೆರೆ ಎಳೆಯಲು ಶುರುಮಾಡಿದರು. ಮೂವರ ಹೆಸರು, ತಾರೀಖು, ಕಾಲಂ. ತೋಟದ ಚೆಕ್‌ರೋಲ್ ಹೇಗಿತ್ತೋ ಹಾಗೇ. ಹಳೆಯ ಪುಟ ನೋಡಿ ಹೊಸ ಪುಟಕ್ಕೆ ಇಳಿಸುತ್ತ, "ಈ ಹನ್ನೆರಡು ದಿನ ಕೆಲಸ ಇರಲಿಲ್ಲವಲ್ಲೋ. ಇದಕ್ಕೇನು ಹಾಕಲಿ?" ಅಂತ ಕೇಳಿದರು.

"ಪೂರ್ತಿ ಹಾಕಿ ರೈಟ್ರೇ" ಅಂದ ಪುಟ್ಟ. "ಬಂದಿದ್ರು. ಹಗ್ಗ ಕಟ್ಟೋದು ಕಲಿಸ್ತಿದ್ದೆ."

ಅಪ್ಪ ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಆಮೇಲೆ ಒಂದೊಂದೇ ಮನೆಯಲ್ಲಿ ಪೂರ್ತಿ ಹಾಜರಿ ಹಾಕಿದರು. ಅವರು ಅಡ್ಡ ಕಟ್ಟಿ ಏನಾದರೂ ಹೇಳುತ್ತಾರೇನೋ ಅಂತ ನಾನು ಕಾದೆ. ಹೇಳಲಿಲ್ಲ. ಕ್ಷಮೆ ಕೇಳುವುದು ನಮ್ಮ ಮನೆಗಳಲ್ಲಿ ಅಭ್ಯಾಸವಿಲ್ಲ. ನೋಟ್‌ಬುಕ್ ಮುಚ್ಚಿ, "ಇವರಿಗೆಲ್ಲ ಇನ್ಶೂರೆನ್ಸ್ ಇದೆಯಾ?" ಅಂತ ಮಾತ್ರ ಕೇಳಿದರು.

ಬ್ಯಾಂಕ್ ಖಾತೆ ಇದ್ದವರಿಗೆ ಆಗ ವರ್ಷಕ್ಕೆ 12 ರೂಪಾಯಿ ಕಟ್ಟಿದರೆ ಸುರಕ್ಷಾ ಬಿಮಾ ಯೋಜನೆಯಲ್ಲಿ 2 ಲಕ್ಷದ ಅಪಘಾತ ವಿಮೆ ಸಿಗುತ್ತಿತ್ತು. ಅದು ಮೂವರಿಗೂ ಇತ್ತು. ಅದು ಸಾಲದು ಅಂದರು ಅಪ್ಪ. ಮರ ಹತ್ತುವವರಿಗೆ ದೊಡ್ಡ ಪಾಲಿಸಿ ಮಾಡಿಸಿದೆವು. ಮೊದಲ ಕಂತನ್ನು ಅಪ್ಪ ತಮ್ಮ ಪಿಂಚಣಿಯಿಂದ ಕೊಟ್ಟರು. ಪುಟ್ಟ ಬೇಡ ಅನ್ನಲಿಲ್ಲ.

ಲೆಕ್ಕ ಪೂರ್ತಿ ಹೇಳಿಬಿಡುತ್ತೇನೆ, ಇಂಥ ಬರಹಗಳಲ್ಲಿ ಯಾವಾಗಲೂ ಗೆದ್ದ ಕತೆಯೇ ಇರುತ್ತದೆ. ದೀಪ, ತೆಂಗು, ಬೇವು ಸೇರಿ ನಾಲ್ಕು ತಿಂಗಳಲ್ಲಿ ಬಂದದ್ದು 1,31,000. ಕೂಲಿ 2,18,400. ಕಡಿಮೆ ಬಿದ್ದದ್ದು 87,400. ಮಳೆಗಾಲದ ಉಳಿತಾಯ ಪೂರ್ತಿ ಹೋಗಿ, ಮೇಲೆ 27,400 ನಾನು ಕೊಟ್ಟೆ. ಗಾಡಿ ಬರಲಿಲ್ಲ. ಆ ಚಳಿಗಾಲ ನಷ್ಟದ ಚಳಿಗಾಲವೇ. ಆದರೆ ಮೇ ತಿಂಗಳಲ್ಲಿ ಮೊದಲ ಗಾಳಿ ಬೀಸಿದಾಗ ಕೆಳಗೆ ಹಗ್ಗ ಹಿಡಿದವರು ಅದೇ ಮೂವರು. ನನ್ನ ಶೀಟಿನಲ್ಲಿ ಕೂಲಿಯನ್ನು ಖರ್ಚಿನ ಕಡೆ ಬರೆದಿದ್ದೆ. ಅದು ಬರೆಯಬೇಕಾದ ಜಾಗ ಬೇರೆ ಅಂತ ತಿಳಿಯಲು ನನಗೆ ಒಂದು ಚಳಿಗಾಲ ಬೇಕಾಯಿತು. ಆಫೀಸಿನಲ್ಲಿ ಈಗಲೂ ಬೆಂಚಿನ ಪಟ್ಟಿ ಬರುತ್ತದೆ. ನಾನು ನಿಯಮ ಬದಲಾಯಿಸುವಷ್ಟು ದೊಡ್ಡವನಲ್ಲ. ಹೆಸರು ಕಳಿಸುವ ಮುಂಚೆ ಆ ಮನುಷ್ಯನಿಗೆ ಬೇರೆ ಪ್ರಾಜೆಕ್ಟ್ ಹುಡುಕಲು ನಾಲ್ಕು ಜನಕ್ಕೆ ಫೋನು ಮಾಡುತ್ತೇನೆ, ಅಷ್ಟೇ. ಮೊದಲು ಅದನ್ನೂ ಮಾಡುತ್ತಿರಲಿಲ್ಲ.

2022ರ ಯುಗಾದಿ ಏಪ್ರಿಲ್ 2ರಂದು ಬಂತು. ಅದಕ್ಕೆ ಎರಡು ವಾರ ಮುಂಚಿನಿಂದ ನಾನು ದಿನಾ ಬೆಳಿಗ್ಗೆ ಬಾಲ್ಕನಿಯಲ್ಲಿ ನಿಂತು ಆ ಏಳು ಬೇವುಗಳನ್ನು ನೋಡುತ್ತಿದ್ದೆ. ಕಮಿಟಿಯವರೂ ನೋಡುತ್ತಿದ್ದರು. ಆರು ಚಿಗುರಿದವು, ತಾಮ್ರದ ಬಣ್ಣದ ಎಳೆ ಎಲೆ. ಏಳನೆಯದು ಚಿಗುರಲಿಲ್ಲ. ಪುಟ್ಟ ಬಂದು ಕೆರೆದು ನೋಡಿದ, ಒಳಗೆ ಕಂದು. ಹೇಳಿದ ಮಾತಿನಂತೆ ಆ ಒಂದು ಮರದ ದುಡ್ಡು ವಾಪಸು ಕೊಟ್ಟ. ಅನುಮತಿಗೆ ಅರ್ಜಿ ಹಾಕಿಸಿದ, ಪತ್ರ ಬಂದ ಮೇಲೆ ಪುಕ್ಕಟೆ ಕಡಿದುಕೊಟ್ಟ.

ಹಬ್ಬದ ದಿನ ಬೆಳಿಗ್ಗೆ ಮೀಟಿಂಗಿನಲ್ಲಿ ಜಗಳವಾಡಿದ್ದ ಅದೇ ಮನುಷ್ಯ ಬಾಗಿಲು ತಟ್ಟಿದರು. ಪಚ್ಚಡಿಗೆ ಬೇವಿನ ಹೂ ಬೇಕಿತ್ತಂತೆ, ನಿಮ್ಮ ಹುಡುಗನಿಗೆ ಹೇಳಿ ಸ್ವಲ್ಪ ಕೀಳಿಸಿಕೊಡುತ್ತೀರಾ ಅಂದರು. ಪುಟ್ಟನಿಗೆ ಫೋನು ಮಾಡಿದೆ. "ಅಣ್ಣಾ, ಇವತ್ತು ಎಲ್ರಿಗೂ ರಜೆ ಕೊಟ್ಟಿದೀನಿ, ಕೂಲಿ ಸಮೇತ" ಅಂದ. "ಕೆಳಗಿನ ಕೊಂಬೇಲೇ ಇದೆ, ಕೈಗೆ ಸಿಗುತ್ತೆ. ನೀವೇ ಕಿತ್ಕೊಡಿ."

ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದೆ.